ಹರಿಯುವ ಕಾಂಕ್ರೀಟಿಗೆ ಸುಣ್ಣಕಲ್ಲಿನ ಹಿಟ್ಟು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ವಿರಳವಾಗಿ, ಕಾಂಕ್ರೀಟಿನ ಮನೆಗಳೇ ಹೆಚ್ಚುತ್ತಿವೆ. ಸ್ಲ್ಯಾಬ್ ಹಾಕುವ ದಿನ ಮನೆಮಂದಿಯೆಲ್ಲ ಸಂಭ್ರಮದಿಂದ ನೆರೆಯುವರು. ಆದರೆ ಕಾಂಕ್ರೀಟು ಸರಾಗವಾಗಿ ಹರಿಯಲೆಂದು ಗೌಂಡಿಯು ಇನ್ನೊಂದು ಕೊಡ ನೀರು ಸುರಿಯುವುದನ್ನು ಯಾರೂ ಗಮನಿಸುವುದಿಲ್ಲ. ಸಿಮೆಂಟಿನೊಡನೆ ಕೂಡದೆ ಉಳಿದ ಆ ನೀರು ಆರಿಹೋಗುವಾಗ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಅವುಗಳ ಮೂಲಕ ಗಾಳಿ, ತೇವಗಳು ಒಳಹೊಕ್ಕು ಸರಳಿಗೆ ತುಕ್ಕು ಹಿಡಿಯುವುದು. ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯುವುದು. ಜೀವಮಾನದ ಗಳಿಕೆಗೆ ಕೇಡು ತಟ್ಟುವುದು ಹೀಗೆ.

ನೀರು ಹೆಚ್ಚಿಸದೆ ಹರಿಸುವ ಉಪಾಯವೊಂದುಂಟು. ತಾನೇ ಅಡಕಗೊಳ್ಳುವ ಈ ಕಾಂಕ್ರೀಟನ್ನು ಜಪಾನಿನ ಪ್ರಾಧ್ಯಾಪಕ ಹಾಜಿಮೆ ಒಕಾಮುರಾ ಅವರು 1986ರಲ್ಲಿ ಸೂಚಿಸಿದರು. 1988ರಲ್ಲಿ ಅದರ ಮೊದಲ ಮಾದರಿ ಸಿದ್ಧವಾಯಿತು. ನುರಿತ ಕೆಲಸಗಾರರ ಕೊರತೆಯೇ ಅಲ್ಲಿಯ ಚಿಂತೆಯಾಗಿತ್ತು. (ಆ ಕೊರತೆ ಈಗ ನಮ್ಮ ಊರುಗಳಿಗೂ ಬಂದಿದೆಯಷ್ಟೆ.) ಇದನ್ನು ಸಲಾಕೆಯಿಂದ ಚುಚ್ಚಬೇಕಿಲ್ಲ, ಯಂತ್ರದಿಂದ ಅದುರಿಸಬೇಕಿಲ್ಲ, ಒತ್ತಾದ ಸರಳುಗಳ ನಡುವೆಯೂ ತನ್ನ ಭಾರದಿಂದಲೇ ನುಸುಳಿ ತುಂಬಿಕೊಳ್ಳುತ್ತದೆ.

ಇದರಲ್ಲಿ ಖಡಿ ಕಡಮೆ, ಪುಡಿ ಹೆಚ್ಚು: ಘನಮೀಟರಿಗೆ ಸಾಮಾನ್ಯವಾಗಿ 380ರಿಂದ 600 ಕಿಲೋಗ್ರಾಂ. ಅಷ್ಟೂ ಸಿಮೆಂಟೇ ಆದರೆ ಖರ್ಚು ಏರುವುದಲ್ಲದೆ, ಹುಟ್ಟುವ ಶಾಖದಿಂದ ಬಿರುಕು ಬಿಡುವ ಭಯವುಂಟು. ಆದುದರಿಂದ ಅದರಲ್ಲೊಂದು ಪಾಲನ್ನು ನುಣ್ಣಗೆ ಅರೆದ ಸುಣ್ಣಕಲ್ಲಿನ ಹಿಟ್ಟಿನಿಂದ ತುಂಬುವರು. ಜೋಳದ ಕಾಳುಗಳ ಸಂದಿಯಲ್ಲಿ ನವಣೆ ಇಳಿದು ಕೂಡುವಂತೆ ಈ ಹಿಟ್ಟು ಕಣಗಳ ನಡುವಿನ ಎಡೆಯನ್ನು ಮುಚ್ಚುತ್ತದೆ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಗೊಳ್ಳಲು ನೆಲೆಯನ್ನೂ ಒದಗಿಸುತ್ತದೆ. ಮೊದಲ ದಿನಗಳ ಬಲ ಬೇಗನೆ ಬರುವುದು ಇದರಿಂದಲೇ. ಆದರೆ ಹಿಟ್ಟು ಸ್ವತಃ ಸಿಮೆಂಟಲ್ಲ. ಹಣ ಉಳಿಸಲೆಂದು ಸಿಮೆಂಟನ್ನೇ ಅತಿಯಾಗಿ ತಗ್ಗಿಸಿದರೆ ಬಲ ಕುಗ್ಗುತ್ತದೆ.

ಇದು ಸುಟ್ಟ ಸುಣ್ಣವೂ ಅಲ್ಲ, ಕ್ರಷರಿನ ಬಳಿ ಬಿದ್ದಿರುವ ಧೂಳೂ ಅಲ್ಲ. ಗಜೇಂದ್ರಗಡದ ಬೆಟ್ಟದ ಮರಳುಗಲ್ಲನ್ನು ಪುಡಿಮಾಡಿದರೆ ಈ ಹಿಟ್ಟಾಗದು. ಸುಣ್ಣಕಲ್ಲು ದೊರೆಯುವುದು ಬಾಗಲಕೋಟೆ, ಲೋಕಾಪುರಗಳ ಕಡೆ. ನರಗುಂದದ ಸವುಳು ಹಿಡಿದ ಎರೆಭೂಮಿಯಲ್ಲಿ ಬುನಾದಿ ಹಾಕುವವರು ಮೊದಲು ಮಣ್ಣಿನ ಸಲ್ಫೇಟ್ ಪರೀಕ್ಷೆ ಮಾಡಿಸುವುದು ಅವಶ್ಯ. ಸಲ್ಫೇಟ್ ಹೆಚ್ಚಿದ್ದಲ್ಲಿ ಈ ಹಿಟ್ಟು ತಕ್ಕುದಲ್ಲ.

ಎರಡು ಖೋಲಿಯ ಮನೆಗೆ ಇದೆಲ್ಲ ಬೇಡವೆಂದೇ ನಮ್ಮ ಅಭಿಪ್ರಾಯ. ಅಲ್ಲಿ ನೀರನ್ನು ಅಳೆದು ಹಾಕಿಸಿದರೆ ಸಾಕು. ಸರಳು ಒತ್ತಾಗಿರುವ ಸಮುದಾಯ ಭವನದ ಕಂಬ, ತೊಲೆಗಳಿಗಾದರೆ ಇಂಜಿನಿಯರರನ್ನು ಕೇಳಬಹುದು. ಭಾರತೀಯ ಮಾನಕ ಬ್ಯೂರೋದ 10262ನೆಯ ಸಂಹಿತೆಯ 2019ರ ಆವೃತ್ತಿಯಲ್ಲಿ ಇದರ ಮಿಶ್ರಣಕ್ರಮವೂ ಸೇರಿದೆ. ಹಲಗೆಯ ಮೇಲೆ ಶಂಕುವಿನಿಂದ ಬಿಟ್ಟಾಗ ಅದು 550ರಿಂದ 850 ಮಿಲಿಮೀಟರ್ ಅಗಲಕ್ಕೆ ಹರಡಬೇಕು. ಅಂಚಿನಲ್ಲಿ ಬರಿಯ ನೀರು ಬೇರ್ಪಟ್ಟು, ಖಡಿ ನಡುವೆಯೇ ಗುಡ್ಡೆಯಾಗಿ ನಿಂತರೆ ಆ ಕಲಸನ್ನು ಸುರಿಯಗೊಡಬಾರದು.