ಸಮೀಕರಣವೂ ತಕ್ಕಡಿಯೂ

ನಮ್ಮ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರದ ಪಾಠವು ಸಮೀಕರಣಗಳನ್ನು ಸರಿದೂಗಿಸುವ ಹಂತಕ್ಕೆ ಬಂದೊಡನೆ ಅನೇಕ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಬಾಣದ ಗುರುತಿನ ಎಡಕ್ಕೆ ಕೆಲವು ಅಕ್ಷರಗಳು, ಬಲಕ್ಕೆ ಕೆಲವು ಅಕ್ಷರಗಳು. ಅವುಗಳ ಹಿಂದೆ ಎರಡೋ ಮೂರೋ ಬರೆದು ಲೆಕ್ಕ ಕೂಡಿಸಿದರೆ ಅಂಕ ದೊರೆಯಿತು. ಜಾಣರು ಲೆಕ್ಕ ಕೂಡಿಸುತ್ತಾರೆ. ಉಳಿದವರು ಉರು ಹೊಡೆಯುತ್ತಾರೆ. ಆ ಎರಡು, ಮೂರುಗಳು ಯಾವುದರ ಸಂಖ್ಯೆ ಎಂದು ಕೇಳಿದರೆ ಉಭಯತರೂ ಮೌನ ತಾಳುವುದುಂಟು. ಈ ಮೌನಕ್ಕೆ ನಾವು ಕಲಿಸುವ ಕ್ರಮವೇ ಕಾರಣ. ಸಮೀಕರಣದ ಪಾಠವನ್ನು ತಕ್ಕಡಿಯಿಂದ ಆರಂಭಿಸಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ.

ಶಾಸ್ತ್ರವು ಬೆಳೆದು ಬಂದದ್ದೂ ಹಾಗೆಯೇ. ಫ್ರಾನ್ಸಿನ ಲಾವಾಸಿಯೆ, ಕ್ರಿಯೆಗೆ ಮೊದಲು ಇದ್ದಷ್ಟೇ ದ್ರವ್ಯವು ಕ್ರಿಯೆಯ ನಂತರವೂ ಇರುತ್ತದೆಂಬ ತತ್ತ್ವವನ್ನು ೧೭೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಜರ್ಮನಿಯ ರಿಕ್ಟರ್ ೧೭೯೨ರಲ್ಲಿ ಈ ಅಳತೆಯ ವಿದ್ಯೆಗೆ ‘ಸ್ಟಾಯ್ಕಿಯೋಮೆಟ್ರಿ’ ಎಂದು ಹೆಸರಿಟ್ಟನು. ಪರಮಾಣುವಾದವನ್ನು ಪ್ರತಿಪಾದಿಸಿದ ಡಾಲ್ಟನ್ನನ ಗ್ರಂಥ ಹೊರಬಂದದ್ದು ೧೮೦೮ರಲ್ಲಿ. ಎಂದರೆ ತೂಕ ಮೊದಲು, ಸಂಕೇತ ಆಮೇಲೆ. ನಾವಾದರೋ ಮಕ್ಕಳಿಗೆ ಸಂಕೇತವನ್ನು ಮೊದಲು ಕೊಟ್ಟು, ತೂಕವನ್ನು ಬಹುಮಟ್ಟಿಗೆ ಕೊಡುವುದೇ ಇಲ್ಲ.

ನೀರಿನ ಉದಾಹರಣೆಯನ್ನೇ ನೋಡೋಣ. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು. ಆಮ್ಲಜನಕದ ಅಣುವಿನಲ್ಲಿಯೂ ಎರಡು. ನೀರಿನ ಅಣುವಿಗೆ ಬೇಕಾದ ಆಮ್ಲಜನಕ ಒಂದೇ ಪರಮಾಣು. ಉಳಿದ ಒಂದನ್ನು ಏನು ಮಾಡುವುದು? ಅವಸರದ ವಿದ್ಯಾರ್ಥಿ ಅದನ್ನೂ ನೀರಿನ ಅಣುವಿಗೇ ಸೇರಿಸಿ ಲೆಕ್ಕ ಸರಿಮಾಡುತ್ತಾನೆ. ಆದರೆ ಹಾಗೆ ಸೇರಿಸಿದೊಡನೆ ಅದು ನೀರಾಗಿ ಉಳಿಯದೆ, ಗಾಯ ತೊಳೆಯಲು ಬಳಸುತ್ತಿದ್ದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ! ಅಣುಗಳ ಸಂಖ್ಯೆಯನ್ನು ನಾವು ಹೆಚ್ಚು ಕಡಿಮೆ ಮಾಡಬಹುದು. ಅಣುವಿನ ಒಳರಚನೆಯನ್ನು ಮುಟ್ಟುವ ಅಧಿಕಾರ ನಮಗಿಲ್ಲ. ಜಲಜನಕದ ಎರಡು ಅಣುಗಳು, ಆಮ್ಲಜನಕದ ಒಂದು ಅಣು ಕೂಡಿ ನೀರಿನ ಎರಡು ಅಣುಗಳಾಗುತ್ತವೆ. ಇದನ್ನು ಉರು ಹೊಡೆಯಬೇಕಾದ ಅಗತ್ಯವೇ ಇಲ್ಲ.

ಎಣಿಕೆಯಿಂದ ತೂಕಕ್ಕೆ ಹೋಗುವ ಸೇತುವೆಯೇ ‘ಮೋಲ್’. ಬಾಳೆಯ ಹಣ್ಣನ್ನು ಡಜನ್ನಿನಲ್ಲಿ ಎಣಿಸುವಂತೆ ಅಣುಗಳನ್ನು ಮೋಲಿನಲ್ಲಿ ಎಣಿಸುತ್ತೇವೆ. ೨೦೧೯ರಲ್ಲಿ ಜಾರಿಗೆ ಬಂದ ವ್ಯಾಖ್ಯೆಯಂತೆ, ೬.೦೨೨೧೪೦೭೬ನ್ನು ಹತ್ತರ ೨೩ನೆಯ ಘಾತದಿಂದ ಗುಣಿಸಿದಷ್ಟು ಕಣಗಳು ಒಂದು ಮೋಲ್. ಡಜನ್ ನಿಂಬೆಗೂ ಡಜನ್ ತೆಂಗಿನಕಾಯಿಗೂ ತೂಕ ಬೇರೆಯಾಗುವಂತೆ, ಎರಡು ಮೋಲ್ ಜಲಜನಕ ೪ ಗ್ರಾಂ, ಒಂದು ಮೋಲ್ ಆಮ್ಲಜನಕ ೩೨ ಗ್ರಾಂ. ಕೂಡಿ ಆಗುವ ನೀರು ೩೬ ಗ್ರಾಂ. ಜಮಾಖರ್ಚು ಸರಿಹೋಯಿತು.

ಇದರಿಂದ ಬಾಳಿಗೇನು ಪ್ರಯೋಜನವೆಂದು ಕೇಳುವವರು ತಮ್ಮ ಅಡುಗೆಮನೆಯನ್ನೇ ನೋಡಬಹುದು. ಮನೆಬಳಕೆಯ ಸಿಲಿಂಡರಿನಲ್ಲಿ ೧೪.೨ ಕಿಲೋಗ್ರಾಂ ಅನಿಲವಿರುತ್ತದೆ. ಅದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನಿನ ಒಂದು ಅಣು ಪೂರ್ಣವಾಗಿ ಉರಿಯಲು ಆಮ್ಲಜನಕದ ಐದು ಅಣುಗಳು ಬೇಕು. ಎಂದರೆ ೪೪ ಗ್ರಾಮಿಗೆ ೧೬೦ ಗ್ರಾಂ. ಬ್ಯೂಟೇನಿನ ಪ್ರಮಾಣವೂ ಸರಿಸುಮಾರು ಇಷ್ಟೇ. ಈ ಲೆಕ್ಕದಂತೆ ಒಂದು ಸಿಲಿಂಡರ್ ಬರಿದಾಗುವಷ್ಟರಲ್ಲಿ ಸುಮಾರು ೫೧ ಕಿಲೋಗ್ರಾಂ ಆಮ್ಲಜನಕ, ಅದನ್ನು ಒದಗಿಸಲು ಸುಮಾರು ೨೨೦ ಕಿಲೋಗ್ರಾಂ ಗಾಳಿ ಬೇಕು. ಗಾಳಿ ಸಾಲದಾದರೆ ಇಂಗಾಲವು ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಪ್ರಾಣ ಕಳೆದುಕೊಳ್ಳುವುದು ಈ ಕಾರಣದಿಂದಲೇ. ಕ್ರಿಯೆಯಲ್ಲಿ ಯಾವ ಪದಾರ್ಥ ಮೊದಲು ಮುಗಿಯುತ್ತದೆಂದು ಲೆಕ್ಕ ಹಾಕಲು ನಿಜವಾಗಿ ಕಲಿತವನು ಕಿಟಕಿಯನ್ನು ತೆರೆದಿಡುತ್ತಾನೆ. ಉರು ಹೊಡೆದವನಿಗೆ ಅಂಕ ಬಂದಿರುತ್ತದೆ, ಕಿಟಕಿ ಮುಚ್ಚಿರುತ್ತದೆ.

ಪಾಠ ಮುಗಿಸಲು ವೇಳೆಯಿಲ್ಲ, ಪರೀಕ್ಷೆ ಸಮೀಪಿಸಿದೆ ಎಂಬ ಉಪಾಧ್ಯಾಯರ ಕಷ್ಟ ಸುಳ್ಳಲ್ಲ. ಆದರೆ ಇದಕ್ಕೆ ಎರಡು ಅವಧಿಗಳು ಸಾಕು. ೮.೪ ಗ್ರಾಂ ಅಡುಗೆ ಸೋಡವನ್ನು ಸಾಕಷ್ಟು ವಿನಿಗರಿಗೆ ನಿಧಾನವಾಗಿ ಹಾಕಿ, ಮೊದಲೂ ಅನಂತರವೂ ಪಾತ್ರೆಸಮೇತ ಎಲ್ಲವನ್ನೂ ತೂಗಲಿ. ಸಮೀಕರಣದ ಪ್ರಕಾರ ೪.೪ ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ಸ್ವಲ್ಪ ಅನಿಲ ನೀರಿನಲ್ಲಿಯೇ ಕರಗಿ ಉಳಿಯುವುದರಿಂದ ತೂಕದ ಇಳಿತ ಅದಕ್ಕಿಂತ ತುಸು ಕಡಿಮೆ ಕಂಡೀತು. ಆಗ ‘ಏಕೆ?’ ಎಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದ ಕ್ಷಣದಲ್ಲಿ ವಿಜ್ಞಾನದ ಬೋಧನೆ ಆರಂಭವಾಗುತ್ತದೆ.

ಉಪಾಧ್ಯಾಯ ಬಂಧುಗಳು ಉತ್ತರದ ಅಂಕೆಗೆ ಮಾತ್ರವಲ್ಲದೆ, ಅದರ ಹಿಂದಿನ ಕಾರಣಕ್ಕೂ ಅಂಕ ಕೊಡಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಕಾರ್ಖಾನೆ, ಔಷಧಾಲಯ, ಕೃಷಿಗಳಲ್ಲಿ ದುಡಿಯುತ್ತಿರುವವರು ವರ್ಷಕ್ಕೊಮ್ಮೆಯಾದರೂ ಬಂದು ತಮ್ಮ ಕೆಲಸದ ಲೆಕ್ಕವನ್ನು ಮಕ್ಕಳ ಮುಂದಿಡಬೇಕು. ದಾನಿಗಳಲ್ಲಿ ಒಂದು ಬಿನ್ನಹ: ಕಟ್ಟಡಗಳು ಬೇಕು, ನಿಜ. ಆದರೆ ದಶಾಂಶ ಗ್ರಾಮನ್ನು ತೋರಿಸುವ ತಕ್ಕಡಿಯೊಂದಕ್ಕೆ ತಗಲುವ ವೆಚ್ಚ ಒಂದು ಕೋಣೆಯ ವೆಚ್ಚದ ಅತ್ಯಲ್ಪ ಭಾಗ. ನಾಲ್ವರು ಮಕ್ಕಳಿಗೊಂದರಂತೆ ಅವು ಪ್ರಯೋಗಾಲಯಕ್ಕೆ ಬರಲಿ. ಕಪಾಟಿನಲ್ಲಿ ಬೀಗದೊಳಗೆ ಇರದೆ, ಮಕ್ಕಳ ಕೈಯಲ್ಲಿ ಸವೆಯಲಿ.