ಕಂಪ್ಯೂಟರಿನಾಗ ಕಳೆದ ಅಂಟಿನ ಉಂಡಿ



ನಮ್ಮ ಅತ್ತೆಯವರು ಹೇಳಿದ ಅಡಿಗೆ, ಮನೆಮದ್ದು, ಹಬ್ಬದ ಪದ್ಧತಿಗಳನ್ನೆಲ್ಲ ಮಗನ ಕಂಪ್ಯೂಟರಿನಲ್ಲಿ ಬರೆದಿಡುತ್ತಾ ಬಂದು ಎರಡು ವರ್ಷವಾಯಿತು. ಈಗ ಅದು 140 ಪುಟ ದಾಟಿದೆ. ಹೋದ ತಿಂಗಳು ರಾಣೆಬೆನ್ನೂರಿನಿಂದ ನಾದಿನಿಯ ಫೋನು. "ವೈನಿ, ಮಗಳಿಗೆ ಹೆರಿಗಿ ಆಗೇತಿ. ಅವ್ವ ಮಾಡತಿದ್ದ ಅಂಟಿನ ಉಂಡಿ ಅಳತಿ ಹೇಳ್ರಿ."

ಅತ್ತೆಯವರನ್ನು ಕೇಳೋಣವೆಂದರೆ ಅವರಿಗೀಗ ನೆನಪು ನಿಲ್ಲುವುದಿಲ್ಲ. "ಯಾರಿಗೆ ಹೆರಿಗಿ?" ಎಂದು ತಿರುಗಿ ತಿರುಗಿ ಕೇಳಿದರು. ಉಳಿದದ್ದು ನಾನು ಬರೆದಿಟ್ಟದ್ದೊಂದೇ. ಮೌಸಿನ ಗಾಲಿ ತಿರುಗಿಸಿ ಬೆರಳು ನೊಂದವು. ಕಂಟ್ರೋಲ್ ಮತ್ತು ಎಫ್ ಒತ್ತಿ ‘ಅಂಟಿ’ ಎಂದು ಹುಡುಕಿದರೆ ‘ತಳಕ್ಕೆ ಅಂಟಿಕೊಳ್ಳದಂತೆ ಕೈಯಾಡಿಸಿ’ ಎಂಬ ಮಾತೇ ಹತ್ತಾರು ಕಡೆ! ತಾಸು ಕಳೆದರೂ ಉಂಡಿ ಸಿಗಲಿಲ್ಲ.

ಸಂಜೆ ಮಗ ಬಂದು ನೋಡಿ ನಕ್ಕ. "ಅವ್ವಾ, ಹೆಸರನ್ನ ಬರೇ ದಪ್ಪ ಅಕ್ಷರ ಮಾಡೀದಿ. ಅದು ಶೀರ್ಷಿಕೆ ಅಂತ ಕಂಪ್ಯೂಟರಿಗೆ ಹೆಂಗ ತಿಳೀಬೇಕು?"

ನಿಜ ನೋಡಿ. ನವರಾತ್ರಿಯಲ್ಲಿ ನಮ್ಮ ದೇವರಗುಡ್ಡದ ಕಾರಣಿಕಕ್ಕೆ ಜನಸಾಗರ ಸೇರಿದಾಗ ಬಿಲ್ಲೇರಿದ ಗೊರವಯ್ಯ ಎಲ್ಲರಿಗೂ ಕಾಣುತ್ತಾನೆ, ಕೆಳಗೆ ನಿಂತವರು ಕಾಣುವುದಿಲ್ಲ. ಶೀರ್ಷಿಕೆಯನ್ನೂ ಹಾಗೆ ಮೇಲೇರಿಸಬೇಕು.

ವರ್ಡ್‌ನಲ್ಲಿ ಹೀಗೆ ಮಾಡಿ. ಅಡಿಗೆಯ ಗುಂಪಿನ ಹೆಸರಿನ ಸಾಲಿನ ಮೇಲೆ ಕ್ಲಿಕ್ ಮಾಡಿ, ‘ಹೋಮ್’ನಲ್ಲಿರುವ ‘ಹೆಡಿಂಗ್ 1’ ಆರಿಸಿ. ಅದರೊಳಗಿನ ಒಂದೊಂದು ಅಡಿಗೆಗೆ ‘ಹೆಡಿಂಗ್ 2’. ನಂತರ ‘ವ್ಯೂ’ಗೆ ಹೋಗಿ ‘ನ್ಯಾವಿಗೇಷನ್ ಪೇನ್’ಗೆ ಗುರುತು ಹಾಕಿದರೆ ಹೆಸರುಗಳೆಲ್ಲ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಬೇಕಾದ್ದನ್ನು ಒತ್ತಿದರೆ ಸಾಕು, ನೇರ ಆ ಪುಟ! ಮುದ್ರಿಸುವುದಿದ್ದರೆ ‘ರೆಫರೆನ್ಸಸ್’ನಲ್ಲಿ ‘ಟೇಬಲ್ ಆಫ್ ಕಂಟೆಂಟ್ಸ್’ ಒತ್ತಿ. ಪುಟಸಂಖ್ಯೆ ಸಮೇತ ಪರಿವಿಡಿ ತಾನೇ ಬರುತ್ತದೆ. ಆಮೇಲೆ ಹೊಸದು ಸೇರಿಸಿದರೆ ‘ಅಪ್‌ಡೇಟ್ ಟೇಬಲ್’ ಒತ್ತುವುದನ್ನು ಮರೆಯಬೇಡಿ. ನಿನ್ನೆ ಬರೆದು ಬಿಟ್ಟ ಜಾಗಕ್ಕೆ ಮರಳಲು ಕಡತ ತೆರೆದೊಡನೆ ಶಿಫ್ಟ್ ಮತ್ತು ಎಫ್5. ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಇದ್ದವರಿಗೆ ಎಫ್5 ಒತ್ತಿದರೆ ಇಂಥದೇ ಪಟ್ಟಿ ಬರುತ್ತದೆ.

ಇನ್ನೊಂದು ಕಿವಿಮಾತು. ನನ್ನ ಉಂಡಿ ಇದ್ದದ್ದು 31ನೇ ಪುಟದಲ್ಲಿ, ಮೊದಮೊದಲು ಬಳಸಿದ ಹಳೆಯ ನುಡಿ ಅಕ್ಷರದಲ್ಲಿ. ಯೂನಿಕೋಡ್‌ನಲ್ಲಿ ಹುಡುಕಿದರೆ ಆ ಅಕ್ಷರ ಸಿಗದು. ಕಣ್ಣಿಗೆ ಎರಡೂ ಕನ್ನಡವೇ, ಒಳಗಿನ ಲೆಕ್ಕ ಬೇರೆ. ಬರೆದದ್ದೆಲ್ಲ ತಿದ್ದಲಾಗದಿದ್ದರೆ ಶೀರ್ಷಿಕೆಗಳನ್ನಾದರೂ ಯೂನಿಕೋಡ್‌ನಲ್ಲಿ ಬರೆಯಿರಿ.

ಆ ರಾತ್ರಿಯೇ ಕುಳಿತು ಎಲ್ಲದಕ್ಕೂ ಶೀರ್ಷಿಕೆ ಹಚ್ಚಿದೆ. ನಾದಿನಿಗೆ ಅಳತೆ ಕಳಿಸಿದೆ: ಕಾಲು ಕಿಲೋ ಅಂಟಿಗೆ ಅರ್ಧ ಕಿಲೋ ಒಣಕೊಬ್ಬರಿ, ಅರ್ಧ ಕಿಲೋ ಬೆಲ್ಲ. ಮರುದಿನ ಅತ್ತೆಯವರ ಮುಂದೆ ಓದಿದೆ. ಸುಮ್ಮನೆ ಕೇಳಿ, "ಉತ್ತತ್ತಿ ಹಾಕೋದು ಬರದಿಯಿಲ್ಲ?" ಎಂದರು. ಬರೆದಿರಲಿಲ್ಲ! ಅಲ್ಲೇ ಸೇರಿಸಿದೆ.

ಡಬ್ಬಿಗೆ ಹೆಸರು ಬರೆದು ಅಂಟಿಸುವ ನಮಗೆ ಇದೇನು ಹೊಸದೇ? ಮನೆಯ ಹಿರಿಯರ ಮಾತು ಬರೆದಿಡಿ. ಜೊತೆಗೆ, ಬೇಕೆಂದಾಗ ಸಿಗುವಂತೆಯೂ ಇಡಿ.