ಏದುಸಿರು ಬಿಡುವ ಎಂಜಿನ್

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಶ್ನೆಯೊಂದನ್ನು ಬರೆದು ಕಳುಹಿಸಿದ್ದಾನೆ. ಅಜ್ಜನ ಕಾಲದ ಅಂಬಾಸಿಡರ್ ಕಾರು ಅವರ ಮನೆಯಲ್ಲಿದೆ. ಏರುದಾರಿಯಲ್ಲಿ ಏದುಸಿರು ಬಿಡುತ್ತದೆ. ಅದರ ಅಶ್ವಶಕ್ತಿಯನ್ನು ಹೆಚ್ಚಿಸಬಹುದೇ? ಅಣ್ಣನು ಇದಕ್ಕಾಗಿ ಈಗಾಗಲೇ ಹಣ ಕೂಡಿಸುತ್ತಿದ್ದಾನಂತೆ.

ಹೆಚ್ಚಿಸಬಹುದು. ಆದರೆ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಸೋದರರಿಬ್ಬರೂ ಬ್ರಿಟನ್ನಿನ ಮಿನಿ ಕಾರಿನ ವೃತ್ತಾಂತವನ್ನು ತಿಳಿಯಲಿ. ಅದರ ಎಂಜಿನ್ನೂ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಒಂದೇ ಮನೆತನದವು.

1959ರಲ್ಲಿ ಬಂದ ಮಿನಿಯ ಎಂಜಿನ್ 848 ಸಿಸಿಯದು. ಬಲವು ಸುಮಾರು 34 ಅಶ್ವಶಕ್ತಿ. ರೇಸ್ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅದರಲ್ಲಿ ಅಡಗಿದ್ದ ಸತ್ತ್ವವನ್ನು ಗುರುತಿಸಿದರು. 1961ರ ಮಿನಿ ಕೂಪರ್ 55 ಅಶ್ವಶಕ್ತಿಯದಾಯಿತು. ಇದು ಹೇಗಾಯಿತು?

ಎಂಜಿನ್ ಎಂಬುದು ಮೂಲತಃ ಗಾಳಿಯನ್ನು ಸೇದುವ ಯಂತ್ರ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಗಾಳಿಯನ್ನು ಹೆಚ್ಚಿಸದೆ ಪೆಟ್ರೋಲನ್ನಷ್ಟೇ ಸುರಿದರೆ ದೊರೆಯುವುದು ಕಪ್ಪು ಹೊಗೆ, ಬಲವಲ್ಲ. ಆದುದರಿಂದ ಪಿಸ್ಟನ್ನಿನ ಓಟವನ್ನು ಉದ್ದಗೊಳಿಸಿ ಎಂಜಿನ್ನನ್ನು 997 ಸಿಸಿಗೆ ಹಿಗ್ಗಿಸಿದರು. ಒಂದು ಕಾರ್ಬುರೇಟರಿನ ಜಾಗದಲ್ಲಿ ಎರಡನ್ನು ಕೂರಿಸಿದರು. ಮಿಶ್ರಣವನ್ನು ಇನ್ನಷ್ಟು ಒತ್ತಿ ಉರಿಸಿದರು.

ಈ ಕಡೆಯ ಮಾತಿನಲ್ಲಿ ಅಪಾಯವಿದೆ. ಒತ್ತಡವು ಮಿತಿ ಮೀರಿದರೆ ಪೆಟ್ರೋಲು ತಕ್ಕ ರೀತಿಯಲ್ಲಿ ಉರಿಯದೆ ಸಿಡಿಯುತ್ತದೆ. ಲೋಹದ ಮೇಲೆ ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳುತ್ತದೆ. ನಮ್ಮ ಸೋದರಮಾವನವರು ಒಮ್ಮೆ ಬಲ ಹೆಚ್ಚಲೆಂದು ಹೆಡ್ಡನ್ನು ತೇಯಿಸಿ ತಂದರು. ಒಂದು ತಿಂಗಳು ಕಾರು ಕುದುರೆಯಂತೆಯೇ ಓಡಿತು. ಬಳಿಕ ಘಟ್ಟದ ನಡುವೆ ಗ್ಯಾಸ್ಕೆಟ್ ಸುಟ್ಟು, ಲಾರಿಯೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆ ಸೇರಿತು. ಅತ್ತೆಯವರು ಇಂದಿಗೂ ಆ ಖರ್ಚಿನ ಲೆಕ್ಕವನ್ನು ಮರೆತಿಲ್ಲ.

ಮಿನಿ ಕೂಪರಿನಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಮುಂದಿನ ಚಕ್ರಗಳ ಡ್ರಮ್ ಬ್ರೇಕುಗಳನ್ನು ತೆಗೆದು ಡಿಸ್ಕ್ ಬ್ರೇಕುಗಳನ್ನು ಅಳವಡಿಸಿದ್ದರು. ವೇಗ ಇಮ್ಮಡಿಯಾದರೆ ಬ್ರೇಕು ಅರಗಿಸಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆಂಬುದನ್ನು ನಿಮ್ಮ ವಿಜ್ಞಾನದ ಪುಸ್ತಕವೇ ಹೇಳುತ್ತದೆ. 1964ರ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್ಕಿರ್ಕ್ 1071 ಸಿಸಿಯ ಕೂಪರ್ ಎಸ್ ಕಾರನ್ನು ಗೆಲ್ಲಿಸಿದಾಗಲೂ ಹಿಮದ ಇಳಿಜಾರುಗಳಲ್ಲಿ ಆ ಬ್ರೇಕುಗಳೇ ಕಾಯಬೇಕಾಗಿತ್ತು. ಅಜ್ಜನ ಅಂಬಾಸಿಡರಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕುಗಳೇ ಇರಬಹುದು. ಅಣ್ಣನ ಖರ್ಚಿನ ಪಟ್ಟಿಯಲ್ಲಿ ಅವಕ್ಕೆ ಹಣವಿದೆಯೇ?

ಅದಕ್ಕೂ ಮೊದಲು, ಕಾರಿಗೆ ಹುಟ್ಟಿನಿಂದ ಬಂದ ಅಶ್ವಶಕ್ತಿಯಾದರೂ ಉಳಿದಿದೆಯೇ ಎಂದು ನೋಡಬೇಕು. ಗಾಳಿಯ ಫಿಲ್ಟರಿನಲ್ಲಿ ಧೂಳು, ಸವೆದ ಪಿಸ್ಟನ್ ರಿಂಗು, ತಪ್ಪಿದ ವಾಲ್ವಿನ ಅಂತರ, ಹಿಡಿದುಕೊಂಡೇ ಇರುವ ಬ್ರೇಕು, ಇವುಗಳಲ್ಲಿ ಯಾವುದಾದರೂ ಏದುಸಿರಿಗೆ ಕಾರಣವಿರಬಹುದು. ನಾಲ್ಕು ಸಿಲಿಂಡರುಗಳ ಕಂಪ್ರೆಷನ್ನನ್ನು ಅಳೆಸಿ, ಅಂಕಿಗಳನ್ನು ನಮಗೆ ಬರೆದು ತಿಳಿಸಲಿ. ಮುಂದಿನ ಮಾತನ್ನು ಅವುಗಳನ್ನು ನೋಡಿಯೇ ಆಡೋಣ.